ಅತ್ತಿಗೆಯ ಸೂಜಿ

ಆವತ್ತು ಬೆಳಿಗ್ಗೆ ಮಂಜು ಇಳಿದಿತ್ತು, ಮಾಗಿಯ ಮಂಜು. ನಮ್ಮೂರ ರೇಡಿಯೋ ಕಂಬಕ್ಕೆ ಬುಡವೊಂದೇ ಉಳಿದಿತ್ತು. ಮೊದಲನೇ ಅಟ್ಟದಿಂದ ಮೇಲಿನದನ್ನು ಯಾರೋ ಮಡಿಪಂಚೆಯಲ್ಲಿ ಸುತ್ತಿ ಎತ್ತಿಟ್ಟ ಹಾಗೆ ಅಲ್ಲಿ ಬರೀ ಬಿಳುಪು. ನಾಲ್ಕು ದಿಕ್ಕಿಗೂ ಬಿಗಿದ ಎಳೆತಂತಿಗಳು ಆ ಬಿಳುಪಿನೊಳಗಿಂದ ಇಳಿದುಬಂದು ನೆಲದ ಕಲ್ಲುಗಳ ಮೇಲೆ ನೀರು ತೊಟ್ಟಿಕ್ಕಿಸುತ್ತಿದ್ದವು. ಗಾಳಿ ಇರಲಿಲ್ಲ. ಗಾಳಿ ಇಲ್ಲದ ದಿನ ಕಂಬ ಹತ್ತುವುದಕ್ಕೆ ಒಳ್ಳೆಯ ದಿನವೆಂದು ಹತ್ತದವರು ತಿಳಿದಿರುತ್ತಾರೆ. ಗಾಳಿ ಕೂಗಿಕೊಂಡು ಬರುವ ನೆಂಟ. ಇಬ್ಬನಿ ಹಾಗಲ್ಲ, ಯಾರಿಗೂ ಹೇಳದೆ ಬಂದು ಸರಳಿನ ಮೇಲೆ ಕೂತಿರುತ್ತದೆ.

ಹಿಂದಿನ ದಿನ ಸಂಜೆ ಕಂಬದ ತುದಿಯ ಕೆಂಪು ದೀಪ ಹೊತ್ತಿರಲಿಲ್ಲ. ಅದು ಹೊತ್ತದಿದ್ದರೆ ರೇಡಿಯೋ ಆಫೀಸಿನವರಿಗೆ ಮೇಲಿನವರಿಂದ ಮಾತು ಬರುತ್ತದೆ, ಅವರಿಂದ ನಮಗೆ ಬರುತ್ತದೆ. ನಮ್ಮ ಓಣಿಯಲ್ಲಿ ಹತ್ತುವವರು ಬೇರೆಯವರೂ ಇದ್ದರು. ಅವರಲ್ಲಿ ಸಣ್ಣೀರನಿಗೆ ಮದುವೆ, ಮಿಕ್ಕವರು ಅವನ ದಿಬ್ಬಣದ ಜೊತೆ ಹೆಣ್ಣಿನ ಊರಿಗೆ ಹೋಗಿದ್ದರು. ಉಳಿದವನು ನಾನು, ಓಬಳೇಶ. ಬುಡದಲ್ಲಿ ನಿಲ್ಲಲು ಮೂಡ್ಲಯ್ಯ. ಒಬ್ಬ ಮೇಲಿದ್ದರೆ ಇನ್ನೊಬ್ಬ ಬುಡದಲ್ಲಿ ಬೆಲ್ಟು ಕಟ್ಟಿಕೊಂಡು ನಿಂತಿರಬೇಕು, ಮೇಲಿನವನಿಗೆ ಏನಾದರೂ ಆದರೆ ಆ ಗಳಿಗೆಯಲ್ಲೇ ಹತ್ತಬೇಕು ಎನ್ನುವುದು ನಮ್ಮ ಕಟ್ಟಳೆ. ಮೂಡ್ಲಯ್ಯ ಉಗ್ರಾಣವನ್ನೂ ಬುಡವನ್ನೂ ನೋಡಿಕೊಳ್ಳುವ ಹಿರಿಯರು. ಒಂದು ಕಾಲಕ್ಕೆ ಉಡದ ಹಾಗೆ ಹತ್ತುತ್ತಿದ್ದರಂತೆ. ನನ್ನ ಅಣ್ಣ ಗಾದ್ರಣ್ಣ ಕಂಬದಿಂದ ಬಿದ್ದು ತೀರಿಕೊಂಡ ಮೇಲೆ ಅವರು ಸರಳಿಗೆ ಕಾಲಿಟ್ಟವರಲ್ಲ. ಮಂಡಿ ನೋವು ಎನ್ನುತ್ತಿದ್ದರು. ಆದರೂ ಪ್ರತಿ ಸಲವೂ ಬೆಲ್ಟು ಕಟ್ಟಿಕೊಂಡು ಬುಡದಲ್ಲಿ ನಿಲ್ಲುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಹತ್ತಬೇಕಾದ ಸಂದರ್ಭ ಬಂದಿರಲಿಲ್ಲ, ಹಾಗಾಗಿ ಯಾರೂ ಅದನ್ನು ಕೆದಕಿರಲಿಲ್ಲ.

ನಮ್ಮೂರ ಕಂಬ, ಕೊಡಬೇಕಾದ್ದನ್ನು ಉಳಿಸಿಕೊಂಡವರನ್ನು ಹತ್ತಗೊಡುವುದಿಲ್ಲ. ಮೊದಲ ಸರಳಿಗೆ ಕಾಲಿಟ್ಟಾಗಲೇ ಅದು ತಿಳಿಯುತ್ತದೆ. ಪಕ್ಕದ ಮನೆಯಿಂದ ಇಸಕೊಂಡ ಒಂದು ಸೇರು ರಾಗಿ ಹಿಟ್ಟು ಅಲ್ಲಿ ಒಂದು ಸೇರಾಗಿ ಉಳಿಯುವುದಿಲ್ಲ. ಸರಳಿನಿಂದ ಸರಳಿಗೆ ಬೆಳೆಯುತ್ತ ಮೊದಲನೇ ಅಟ್ಟದ ಹೊತ್ತಿಗೆ ಬೆನ್ನ ಮೇಲಿನ ಮೂಟೆಯಾಗುತ್ತದೆ. ಇಸಕೊಂಡದ್ದು ವಸ್ತುವೇ ಆಗಬೇಕೆಂದಿಲ್ಲ. ಸಣ್ಣೀರ ಒಂದು ಸಲ ಅರ್ಧ ಹತ್ತಿದವನು ಏದುಸಿರು ಬಿಡುತ್ತ ಇಳಿದು ಬಂದ. ತಲೆ ಕೆರೆದುಕೊಂಡು ಕೂತು ಯೋಚಿಸಿದ. ಹೊಸದಾಗಿ ತಂದ ಹೋರಿ ನೋಡಲು ಬರುತ್ತೇನೆಂದು ಸೋದರಮಾವನಿಗೆ ಹೇಳಿ ಹೋಗದೆ ಇದ್ದದ್ದು ನೆನಪಾಯಿತು. ಬೆಲ್ಟು ಬಿಚ್ಚದೆ ಓಡಿಹೋಗಿ ಹೋರಿ ನೋಡಿ ಬಂದು ಹತ್ತಿದ. ಹೋರಿ ಹೆಂಗೈತೆ ಎಂದು ಕೇಳಿದ್ದಕ್ಕೆ, "ಕೊಂಬು ಸುಮಾರು. ಆದ್ರೆ ನೋಡಿದ್ ಮ್ಯಾಲೆ ಬಲು ಹಗುರ ಐತೆ" ಅಂದಿದ್ದ.

ಹೀಗಾಗಿ ಕಂಬದ ಓಣಿಯವರ ಬದುಕಿನ ರೀತಿಯೇ ಬೇರೆ. ನಮ್ಮ ಮದುವೆಗಳಲ್ಲಿ ಮುಯ್ಯಿ ಮಾಡುವವರಿಲ್ಲ, ಇನ್ನೊಬ್ಬರ ಮದುವೆಯಲ್ಲಿ ತಿರುಗಿ ಮಾಡಬೇಕಾಗುತ್ತದಲ್ಲ. ನಮ್ಮ ಹೆಂಗಸರು ಹೆಪ್ಪಿಗೆಂದು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದಿಲ್ಲ. ನಮ್ಮ ಮಕ್ಕಳು ಬೇರೆಯವರ ಬುಗುರಿ ಮುಟ್ಟಿದರೆ ಬೆನ್ನಿಗೆ ಬೀಳುತ್ತದೆ. ಹತ್ತುವ ದಿನ ಬುಡದಲ್ಲಿ ನಿಂತು, "ಕೊಡಾದು ತಗಳಾದು ಇದ್ದೋರು ಬರ್ರಪ್ಪೋ" ಎಂದು ಕೂಗುತ್ತೇವೆ. ಬಂದವರ ಕೈಗೆ ಅವರದನ್ನು ಕೊಡುತ್ತೇವೆ. ಕೊಟ್ಟರೆ ಸಾಲದು, ಅವರು ಬಾಯಿ ಬಿಟ್ಟು "ತಗೊಂಡೆ" ಅನ್ನಬೇಕು. ಆ ಮಾತು ಬರುವ ತನಕ ತೀರಿದಂತಲ್ಲ.

ಕೆಲಸ ಕಲಿಯುವಾಗ ನಾನು ಮೂಡ್ಲಯ್ಯನವರನ್ನು ಕೇಳಿದ್ದೆ. ಹೆತ್ತವಳ ಹಾಲು ಕುಡಿದಿದ್ದೇವೆ, ಶಿವ ಕೊಟ್ಟ ಉಸಿರನ್ನು ಇಸಕೊಂಡು ಓಡಾಡುತ್ತಿದ್ದೇವೆ, ಇವು ಯಾಕೆ ತೂಗುವುದಿಲ್ಲ ಎಂದು. ಅವರು ಹಗ್ಗ ಸುತ್ತುತ್ತಿದ್ದರು. "ಅದಕ್ಕೆಲ್ಲ ಅವನು ವಾಯಿದೆ ಕೊಟ್ಟವ್ನೆ ಕಣಪ್ಪ," ಅಂದರು. "ವಾಯಿದೆ ಇರೋ ಸಾಲ ಭಾರ ಆಗಲ್ಲ. ಕೊಡಾಕೆ ಆಗಾದು, ಕೊಡದೆ ಮಡಿಕ್ಕೊಂಡಿರಾದು, ಅದು ಭಾರ." ಹಾಗೆಂದವರು ಹಗ್ಗವನ್ನು ಅರ್ಧಕ್ಕೇ ಬಿಟ್ಟು ಉಗ್ರಾಣದೊಳಗೆ ಹೋದರು. ನಾನು ಅದಕ್ಕೆ ಆಗ ಅರ್ಥ ಹುಡುಕಲಿಲ್ಲ.

ಅಣ್ಣ ಬಿದ್ದಾಗ ನಾನು ಮೀಸೆ ಚಿಗುರುತ್ತಿದ್ದ ಹುಡುಗ. ನನಗೆ ತಾಯಿ ಇರಲಿಲ್ಲ, ಅತ್ತಿಗೆ ದ್ಯಾಮಕ್ಕನೇ ಉಣ್ಣಿಸಿ ಬೆಳೆಸಿದವಳು. ಕಂಬದ ಮೇಲಿನಿಂದ ಮನುಷ್ಯ ಬಿದ್ದರೆ ನಮ್ಮೂರಲ್ಲಿ ಯಾಕೆ ಬಿದ್ದ ಎಂದು ಯಾರೂ ಕೇಳುವುದಿಲ್ಲ, ಯಾರದ್ದು ಉಳಿಸಿಕೊಂಡಿದ್ದ ಎಂದು ಕೇಳುತ್ತಾರೆ. ಭಾರ ಹೊತ್ತು ಹತ್ತಿದ, ಕೈ ಸೋತಿತು, ಬಿದ್ದ. ಅಷ್ಟೇ ಲೆಕ್ಕ. ಆ ವಾರ ಊರೆಲ್ಲ ತಮ್ಮ ತಮ್ಮ ಮನೆ ತಡಕಿ ನೋಡಿಕೊಂಡಿತು. ಗಾದ್ರಣ್ಣ ಕುಡುಗೋಲು ವಾಪಸು ಕೊಟ್ಟಾಗ ತಗೊಂಡೆ ಅಂದಿದ್ದೆವೋ ಇಲ್ಲವೋ, ಹಗ್ಗದ ತುಂಡಿಗೆ ಅಂದಿದ್ದೆವೋ ಇಲ್ಲವೋ, ತಮ್ಮ ವಸ್ತುವೇ ಅವನ ಜೀವ ತೆಗೆದಿರಬಾರದಲ್ಲ ಎಂದು ಹೆದರಿ, ಅನುಮಾನ ಬಂದದ್ದನ್ನೆಲ್ಲ ಸದ್ದಿಲ್ಲದೆ ಊರಬಾವಿಗೆ ಹಾಕಿಬಂದರು. ಮುಂದಿನ ಬೇಸಿಗೆಯಲ್ಲಿ ಬಾವಿ ಬತ್ತಿದಾಗ ತಳದಲ್ಲಿ ಕುಡುಗೋಲು, ಸೇರು, ಒಂದು ಚರ್ಮದ ಚಪ್ಪಲಿ, ಒನಕೆ ಎಲ್ಲ ಕಂಡವು. ಯಾರೂ ಅವನ್ನು ನಮ್ಮದೆನ್ನಲಿಲ್ಲ. ಅವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಆದರೆ ಅತ್ತಿಗೆ ನೀರಿಗೆ ಹೋದಾಗಲೆಲ್ಲ, "ಪಾಪ, ಏನು ಉಳಿಸ್ಕೊಂಡಿದ್ನೋ ಮಾರಾಯ" ಎನ್ನುವ ಮಾತು ಕೊಡದ ಜೊತೆ ತುಂಬಿಕೊಂಡು ಬರಬೇಕಾಗುತ್ತಿತ್ತು.

ಅತ್ತಿಗೆ ಒಂದೇ ಪ್ರಶ್ನೆ ಕೇಳಿದ್ದಳು. ಹಾಲುತುಪ್ಪ ಬಿಟ್ಟು ಬಂದ ದಿನ ಮೂಡ್ಲಯ್ಯನವರ ಮುಂದೆ ನಿಂತು, "ಮೂಡ್ಲಣ್ಣ, ಅವ್ರು ಕಟ್ಕೊಂಡಿದ್ದ ಬೆಲ್ಟೆಲ್ಲಿ?" ಎಂದಳು. "ಆಫೀಸಿನೋರು ತಗೊಂಡೋದ್ರಮ್ಮ," ಎಂದರು ಅವರು. ಅವಳು ಮತ್ತೆ ಕೇಳಲಿಲ್ಲ. ಅವಳ ತವರು ಬೆಟ್ಟದ ಸೀಮೆ, ಬಂಡೆಯ ಮೇಲಿಂದ ಹಗ್ಗ ಇಳಿಬಿಟ್ಟು ಹೆಜ್ಜೇನು ಕೀಳುವ ಜನ. ಅಲ್ಲಿ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯುತ್ತಾನೆ. ಅವನು ಸತ್ತರೆ ಯಾರ ಮನೆ ಹಾಳಾಗುತ್ತದೋ ಹಗ್ಗ ಅವರ ಕೈಯಲ್ಲಿರಬೇಕು ಎನ್ನುವುದು ಅವರ ನಂಬಿಕೆ. ಇಳಿಯುವ ಮುಂಚೆ ಹಗ್ಗವನ್ನು ಮೊಳಮೊಳವಾಗಿ ಬೆರಳಲ್ಲಿ ಹಾಯಿಸಿ ನೋಡುತ್ತಾರೆ. ನಮ್ಮ ಓಣಿಯಲ್ಲಿ ಹಾಗೆ ನೋಡುವ ಪದ್ಧತಿ ಇರಲಿಲ್ಲ. ಕಂಬವೇ ತೂಗಿ ನೋಡುತ್ತದೆ, ಇನ್ನು ನಾವು ನೋಡುವುದೇನು ಎಂದು ಎಲ್ಲರೂ ಇದ್ದುಬಿಟ್ಟಿದ್ದರು. ಬೆಲ್ಟುಗಳು ಉಗ್ರಾಣದಲ್ಲಿ ಎಲ್ಲಿ ಬೇಕೋ ಅಲ್ಲಿ ಬಿದ್ದಿರುತ್ತಿದ್ದವು. ಎರಡು ಕೊಕ್ಕೆಗಳಿದ್ದರೂ ಬೇಗ ಆಗಲೆಂದು ಒಂದನ್ನೇ ಹಾಕುತ್ತಿದ್ದರು.

ಅಣ್ಣನ ವರ್ಷದ ಕಾರ್ಯ ಮುಗಿದ ಮಾರನೆಯ ದಿನ ಅತ್ತಿಗೆ ಕಂಬದ ಓಣಿಯ ಮನೆಮನೆಗೂ ಹೋದಳು. ಹತ್ತುವ ಒಬ್ಬೊಬ್ಬನಿಗೂ ಒಂದೊಂದು ಸೂಜಿ ಕೊಟ್ಟಳು. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ಹಳೆ ಸೀರೆಯ ಚಿಂದಿಗೆ ಚುಚ್ಚಿ ಕೊಟ್ಟಳು. "ಅಂಗಿ ಹರಿದ್ರೆ ಹೊಲ್ಕೊಳ್ಳಿ. ಇದು ದಾನ ಅಲ್ಲ ಮತ್ತೆ, ಹತ್ತೋ ದಿನ ನಂಗೆ ವಾಪಸ್ ಕೊಡ್ಬೇಕು" ಎಂದಳು. ಗಂಡಸರು ನಕ್ಕು ಇಸಕೊಂಡರು. ಮುಂದಿನ ಸಲ ಹತ್ತುವ ದಿನ ಅವಳು ಬುಡದಲ್ಲಿ ಚಾಪೆ ಹಾಸಿ ಕೂತಿದ್ದಳು. ಸಣ್ಣೀರ ಸೂಜಿ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ. "ಬೆಲ್ಟು ಬಿಚ್ಚು, ನೋಡ್ಬೇಕು" ಎಂದಳು.

"ಸೂಜಿಗೂ ಬೆಲ್ಟಿಗೂ ಏನ್ ಸಂಬಂಧ ಅಕ್ಕ?"

"ಸೂಜಿ ನಂದು. ತಗೊಂಡೆ ಅನ್ನೋ ಬಾಯಿನೂ ನಂದು."

ಅವನು ಸೂಜಿಯನ್ನು ಚಾಪೆಯ ಮೇಲಿಟ್ಟು ಹೋಗಿ ಹತ್ತಿ ನೋಡಿದ. ಮೂರು ಸರಳು ಏರುವಷ್ಟರಲ್ಲಿ ಕಂಬದ ಬುಡದಲ್ಲಿ ಮಂಡಕ್ಕಿ ಅಂಗಡಿ ಇಟ್ಟ ಕೆಂಚಮ್ಮನ ಎಮ್ಮೆಯನ್ನು ಹೆಗಲಲ್ಲಿ ಹೊತ್ತಂತಾಯಿತಂತೆ. ಇಳಿದು ಬಂದು ಬೆಲ್ಟು ಬಿಚ್ಚಿಟ್ಟ. ಅತ್ತಿಗೆ ಅದರ ಹೊಲಿಗೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಲ್ಲಿ ಹಾಯಿಸಿದಳು. ಬಕಲ್ಲು ಎಳೆದು ನೋಡಿದಳು. ಎರಡು ಕೊಕ್ಕೆಯನ್ನೂ ಬಾಯಿ ತೆರೆಸಿ ಮುಚ್ಚಿಸಿದಳು. ಹೆಲ್ಮೆಟ್ಟು ತೊಡಿಸಿ ಗದ್ದದ ಪಟ್ಟಿ ಬಿಗಿದಳು. ಸಾಮಾನಿನ ಚೀಲಕ್ಕೆ ದಾರ ಕಟ್ಟಿದೆಯೇ, ಒಂದು ಸ್ಪ್ಯಾನರು ಜಾರಿದರೂ ಕೆಳಗೆ ಕೂತ ಕೆಂಚಮ್ಮನ ಗತಿಯೇನು ಎಂದು ಕೇಳಿದಳು. ಕಂಬಕ್ಕೆ ಕರೆಂಟು ಬಿಡುವ ಸ್ವಿಚ್ಚಿನ ಬೀಗದ ಕೈ ಹತ್ತುವವನ ಕೊರಳಲ್ಲೇ ಇದೆಯೇ ನೋಡಿದಳು. ಅವನು ಇಳಿದು ಬಂದು ತಾನೇ ಬೀಗ ತೆಗೆಯುವ ತನಕ ಯಾರೂ ರೇಡಿಯೋ ಹಚ್ಚುವಂತಿರಬಾರದು. ಅದೆಲ್ಲ ಆದ ಮೇಲೆ ಸೂಜಿ ಎತ್ತಿಕೊಂಡು, "ತಗೊಂಡೆ. ಹೋಗ್ ಬಾ" ಎಂದಳು. ಸಣ್ಣೀರ ಇಳಿದು ಬಂದ ಮೇಲೆ ಅದೇ ಸೂಜಿಯನ್ನು ಮತ್ತೆ ಸಾಲ ಕೊಟ್ಟಳು.

ಗಂಡಸರು ಮೊದಮೊದಲು ಗೊಣಗಿದರು. ಸೂಜಿಯನ್ನು ಇಸಕೊಳ್ಳುವುದೇ ಬೇಡವೆಂದರೆ ಆಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಆದರೆ ಯಾರೂ ಬೇಡವೆನ್ನಲಿಲ್ಲ. ಕೊಡುಕೊಳ್ಳುವುದೇ ಇಲ್ಲದ ಓಣಿಯಲ್ಲಿ ಅದೊಂದು ಸೂಜಿಯ ನೆಪದಲ್ಲಿ ಒಬ್ಬರು ಇನ್ನೊಬ್ಬರ ಬಾಗಿಲಿಗೆ ಬಂದು ನಿಲ್ಲುವುದು ಅವರಿಗೂ ಬೇಕಾಗಿತ್ತೋ ಏನೋ. ಮೂಡ್ಲಯ್ಯನವರೊಬ್ಬರು ಸೂಜಿ ತೆಗೆದುಕೊಂಡಿರಲಿಲ್ಲ. "ನಾನು ಹತ್ತೋನಲ್ಲವಲ್ಲಮ್ಮ" ಎಂದಿದ್ದರು. ಆದರೆ ಬೆಲ್ಟುಗಳನ್ನು ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕತೊಡಗಿದ್ದರು. ಕಂಬದ ದೀಪದ ಬ್ಯಾಟರಿಗಳನ್ನು ಉಗ್ರಾಣದಿಂದ ಹೊರಗಿನ ಮಾಡಿಗೆ ಸಾಗಿಸಿದ್ದರು.

ಆ ಮಂಜಿನ ದಿನ ಅತ್ತಿಗೆ ನನ್ನ ಬೆಲ್ಟು ನೋಡಿ, ಮೂಡ್ಲಯ್ಯನವರದ್ದನ್ನೂ ನೋಡಿ, ಸೂಜಿ ಎತ್ತಿಕೊಂಡು ತಗೊಂಡೆ ಅಂದಳು. ನನ್ನ ಕಿಸೆಗೆ ಒಂದು ಪಟ್ಟಿಯ ಕುಣಿಕೆ ತುರುಕಿದಳು. ಅವಳೇ ಹೊಲಿದದ್ದು, ನನಗೆಂದೇ. "ನೇತಾಕ್ಕೊಂಡ್ರೆ ಇದ್ರಲ್ಲಿ ಕಾಲಿಟ್ಟು ನಿಂತ್ಕೊ. ನಮ್ಮ ಕಡೆ ಬಿದ್ದು ಸತ್ತೋರಿಗಿಂತ ಹಗ್ಗದಲ್ಲಿ ತೂಗಾಡ್ಕೊಂಡು ಸತ್ತೋರು ಜಾಸ್ತಿ. ಕಾಲಲ್ಲಿ ರಕ್ತ ನಿಂತೋಯ್ತದೆ." ಆಮೇಲೆ, "ಬಿಸಿಲು ಬಿದ್ದ ಮಗ್ಗುಲು ನೋಡಿ ನಂಬಬೇಡ. ಸರಳಿನ ಬೆನ್ನು ಮುಟ್ಟಿ ನೋಡು" ಎಂದಳು. ನಾನು ಹೂಂ ಅಂದೆ.

ಬಿಸಿಲು ಏರಿ ಮಂಜು ಕರಗುವ ತನಕ ಕಾದೆವು. ಬುಡದ ಸರಳುಗಳು ಒಣಗಿದವು. ಮೊದಲ ಸರಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಶಿವನಾಮ ಹೇಳಿ ಹತ್ತಿದೆ. ಮೈ ಹಗುರವಾಗಿತ್ತು. ಎರಡು ಕೊಕ್ಕೆ, ಒಂದನ್ನು ಮೇಲೆ ಹಾಕಿ ಇನ್ನೊಂದನ್ನು ಬಿಚ್ಚುವುದು, ಹೀಗೆ ಒಂದಾದರೂ ಸದಾ ಕಬ್ಬಿಣ ಕಚ್ಚಿಕೊಂಡಿರಬೇಕು. ಮೊದಲನೇ ಅಟ್ಟ ದಾಟಿದೆ. ಎರಡನೆಯದೂ ದಾಟಿತು. ಕೆರೆ ಕಂಡಿತು, ಕೆರೆಯಾಚೆಯ ಇಟ್ಟಿಗೆ ಗೂಡಿನ ಹೊಗೆ ಕಂಡಿತು. ಅಲ್ಲಿ ಮೇಲೆ ದೇವರು ಹತ್ತಿರ ಇದ್ದಾನೆ ಅನ್ನಿಸುವುದಿಲ್ಲ. ಕೆಳಗಿನದೆಲ್ಲ ಅವನದೇ ಅನ್ನಿಸುತ್ತದೆ. ಆ ಸುಖದಲ್ಲಿ ಸರಳಿನ ಬೆನ್ನು ಮುಟ್ಟಿ ನೋಡುವುದನ್ನು ಯಾವಾಗ ಬಿಟ್ಟೆನೋ ತಿಳಿಯದು. ಮುಂಭಾಗ ಒಣಗಿತ್ತು. ಬೆರಳು ಸುತ್ತಿ ಹಿಡಿಯುವ ಹಿಂಭಾಗದಲ್ಲಿ ನೀರು ಹಾಗೇ ಕೂತಿತ್ತು.

ಕೈ ಜಾರಿತು. ಕಾಲೂ ಜಾರಿತು. ಒಂದು ಕೊಕ್ಕೆ ಬಿಚ್ಚಿತ್ತು, ಇನ್ನೊಂದು ಹಿಡಿಯಿತು. ಬಿದ್ದದ್ದು ಒಂದಾಳುದ್ದ ಅಷ್ಟೆ. ಆದರೆ ಬೆಲ್ಟು ಜಗ್ಗಿದ ರಭಸಕ್ಕೆ ಮೈ ತಿರುಗಿ ಬಲಭುಜ ಅಡ್ಡ ಕಬ್ಬಿಣಕ್ಕೆ ಬಡಿದು ಕೀಲು ತಪ್ಪಿತು. ಹೆಲ್ಮೆಟ್ಟು ಠಣ್ ಎಂದಿತು. ಆಮೇಲೆ ಸದ್ದೇನೂ ಇರಲಿಲ್ಲ. ಚೀಲ ದಾರದಲ್ಲಿ ನನ್ನ ಪಕ್ಕದಲ್ಲೇ ತೂಗುತ್ತಿತ್ತು, ನನ್ನ ಹಾಗೆಯೇ.

ಎಡಗೈಯೊಂದರಿಂದ ಹತ್ತುವುದಾಗಲಿ ಇಳಿಯುವುದಾಗಲಿ ಆಗದು. ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕಿಸೆಯಿಂದ ಕುಣಿಕೆ ತೆಗೆದು ಹಲ್ಲಿನಿಂದ ಬಿಡಿಸಿ ಬೆಲ್ಟಿನ ಬಳೆಗೆ ಸಿಕ್ಕಿಸಿ ಒಂದು ಕಾಲಿಟ್ಟು ನಿಂತೆ. ತೊಡೆಯ ಪಟ್ಟಿಗಳ ಬಿಗಿ ಸ್ವಲ್ಪ ಸಡಿಲಾಯಿತು. ಆ ಕಾಲು ನಡುಗಿದಾಗ ಇನ್ನೊಂದು ಕಾಲು. ಹೀಗೆ ಎಷ್ಟು ಹೊತ್ತು ಆಗುತ್ತದೆ ಎನ್ನುವುದು ಮನುಷ್ಯನ ಗಟ್ಟಿತನದ ಮೇಲಿದೆ, ನಾನು ಅಷ್ಟೇನೂ ಗಟ್ಟಿಯವನಲ್ಲ. ಕಣ್ಣಂಚಿನಲ್ಲಿ ಆಗಲೇ ಕಪ್ಪು ಚುಕ್ಕೆಗಳು ಆಡುತ್ತಿದ್ದವು. ಬೀಗದ ಕೈ ನನ್ನ ಕೊರಳಲ್ಲಿದ್ದುದರಿಂದ ಮಧ್ಯಾಹ್ನದ ಹಾಡುಗಳ ಹೊತ್ತಾದರೂ ಊರಿನ ರೇಡಿಯೋಗಳು ಬಾಯಿ ಬಿಡಲಿಲ್ಲ. ಮನೆಗಳಿಂದ ಜನ ಹೊರಬಂದು ಮೇಲೆ ನೋಡಿದರು. ಮೇಲಿನಿಂದ ಅವರು ಒಕ್ಕಲು ಕಣದಲ್ಲಿ ಚೆಲ್ಲಿದ ಕಾಳಿನಂತೆ ಕಂಡರು. ಒಬ್ಬೊಬ್ಬರಾಗಿ ಬುಡದತ್ತ ಉರುಳಿಕೊಂಡು ಬಂದರು.

ಕೆಳಗೆ ಆಡಿದ ಮಾತುಗಳನ್ನು ನನಗೆ ಆಮೇಲೆ ಹೇಳಿದವಳು ಕೆಂಚಮ್ಮ. ಆಗ ನನಗೆ ಕಂಡದ್ದು ಇಷ್ಟು. ಮೂಡ್ಲಯ್ಯ ಹಗ್ಗದ ಸುರುಳಿಯನ್ನೂ ರಾಟೆಯನ್ನೂ ಹೆಗಲಿಗೆ ಹಾಕಿಕೊಂಡು ಸರಳಿಗೆ ಕಾಲಿಟ್ಟರು. ಎರಡು ಸರಳು ಏರಿದರು. ಅಲ್ಲೇ ಕಂಬವನ್ನು ತಬ್ಬಿ ನಿಂತುಬಿಟ್ಟರು. ಬೆನ್ನು ಬಾಗಿತು. ಇಳಿದರು. ಕಂಬಕ್ಕೆ ಕೈ ಮುಗಿದು ಮತ್ತೆ ಹತ್ತಿದರು. ಈ ಸಲ ಒಂದು ಸರಳೂ ಆಗಲಿಲ್ಲ.

ಅದು ಮಂಡಿ ನೋವಲ್ಲವೆಂದು ಊರಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಮೊದಲು ಬಾಯಿ ಬಿಟ್ಟವಳು ಕೆಂಚಮ್ಮ. "ಮೂಡ್ಲಯ್ಯ, ನನ್ನಂಗ್ಡೀಲಿ ಮಂಡಕ್ಕಿ ತಿಂದು ಹಂಗೇ ಎದ್ದೋಗಿದ್ರೆ ಅದನ್ನ ಬಿಟ್ಟೆ ಕಣಪ್ಪ. ಮೆಣಸಿನಕಾಯಿನೂ ಸೇರಿಸಿ ಬಿಟ್ಟೆ" ಎಂದಳು. ಅವಳ ಹಿಂದೆ ಒಬ್ಬೊಬ್ಬರೂ ಶುರುಮಾಡಿದರು. ನಿಮಗೆ ಕೊಟ್ಟಿದ್ದ ಛತ್ರಿ ಬಿಟ್ಟೆ. ನಮ್ಮ ಕುರಿ ನಿಮ್ಮ ಹೊಲಕ್ಕೆ ನುಗ್ಗಿದ್ದಕ್ಕೆ ಬೈದಿರಲ್ಲ, ಆ ಬೈಗುಳ ಬಿಟ್ಟೆ. ನಮ್ಮಪ್ಪ ಸತ್ತಾಗ ಮಣ್ಣಿಗೆ ಬರಲಿಲ್ಲ, ಹೋಗಲಿ, ಬಿಟ್ಟೆ. ಬಿಟ್ಟೆ, ಬಿಟ್ಟೆ ಎಂದು ಊರೆಲ್ಲ ಅಂದಿತು. ಆ ಸದ್ದು ಮೇಲೆ ನನಗೂ ಕೇಳಿಸಿತು, ಸಂತೆಯ ಗುಜುಗುಜಿನ ಹಾಗೆ. ಪ್ರತಿಯೊಂದು ಮಾತಿಗೂ ಮೂಡ್ಲಯ್ಯ ಕಾಲೆತ್ತಿ ನೋಡುತ್ತಿದ್ದರು. ಕಾಲು ಏಳುತ್ತಿರಲಿಲ್ಲ. ಕೊನೆಗೆ ಅವರು ಕೈಯೆತ್ತಿ ಸುಮ್ಮನಿರಲು ಹೇಳಿದರು. ಜನರ ನಡುವೆ ಹಾದು ಚಾಪೆಯ ಹತ್ತಿರ ಬಂದರು. ಅತ್ತಿಗೆ ಕೂತಿದ್ದವಳು ಎದ್ದು ನಿಂತಿದ್ದಳು.

"ನಿಂಗೆ ಕೊಡಾದು ಒಂದು ಐತೆ, ದ್ಯಾಮವ್ವ," ಎಂದರು ಮೂಡ್ಲಯ್ಯ.

"ಗೊತ್ತು."

ಅವರು ತಲೆ ಎತ್ತಲಿಲ್ಲ. "ಗೊತ್ತಿದ್ದೂ ಕೇಳ್ಲಿಲ್ವಲ್ಲವ್ವ."

"ಒಂದ್ಸಲ ಕೇಳಿದ್ದೆ."

ಕೆಂಚಮ್ಮನಿಗೆ ತಡೆಯಲಾಗಲಿಲ್ಲ. "ಏನಾರ ಆಗ್ಲಿ ಬಿಟ್ಟೆ ಅನ್ನೇ ದ್ಯಾಮಿ, ಮ್ಯಾಲೆ ಹುಡುಗ ನೇತಾಡ್ತಾವ್ನೆ" ಎಂದಳು. ಅತ್ತಿಗೆ ಮೇಲೆ ನನ್ನತ್ತ ನೋಡಿದಳು. ಅವಳ ಮುಖ ಒಂದು ಬಿಳಿ ಚುಕ್ಕೆಯಾಗಿ ಮೇಲಕ್ಕೆ ತಿರುಗಿದ್ದು ನನಗೆ ಕಂಡಿತು. ಆಮೇಲೆ ಅವಳು ಹೇಳಿದ್ದನ್ನು ಕೆಂಚಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. "ಬಿಡಾಕೆ ಅದು ನಂದಲ್ಲ ಕೆಂಚಕ್ಕ, ಸತ್ತೋರದ್ದು. ನಾನು ಬಿಡಂಗಿಲ್ಲ. ಆದ್ರೆ ವಾಯಿದೆ ಕೊಡ್ತೀನಿ." ಮೂಡ್ಲಯ್ಯನವರ ಕಡೆ ತಿರುಗಿ, "ಹುಡುಗನ ಕಾಲು ನೆಲ ಮುಟ್ಟೋಗಂಟ ವಾಯಿದೆ. ಅಲ್ಲೀಗಂಟ ಕೇಳಲ್ಲ. ಹತ್ತಿ" ಎಂದಳು.

ಅವರು ಹೋಗಿ ಸರಳಿಗೆ ಕಾಲಿಟ್ಟರು. ಉಡದ ಹಾಗೆ ಹತ್ತುತ್ತಿದ್ದರು ಎನ್ನುವುದನ್ನು ನಾನು ಕೇಳಿದ್ದೆನಷ್ಟೆ, ಆವತ್ತು ನೋಡಿದೆ. ಅವಸರವಿಲ್ಲ, ನಿಲ್ಲುವುದೂ ಇಲ್ಲ. ಪ್ರತಿ ಸರಳಿನ ಬೆನ್ನನ್ನೂ ಹೆಗಲ ಟವೆಲಿನಿಂದ ಒರೆಸಿ ಹಿಡಿಯುತ್ತ, ಒಂದು ಕೊಕ್ಕೆ ಹಾಕಿ ಇನ್ನೊಂದು ಬಿಚ್ಚುತ್ತ ಬಂದರು. ನನ್ನ ಪಕ್ಕಕ್ಕೆ ಬಂದು ತಮ್ಮ ಪಟ್ಟಿಯೊಂದನ್ನು ನನ್ನ ಬೆಲ್ಟಿನ ಬಳೆಗೆ ಮೊದಲು ಹಾಕಿದರು. "ಕಣ್ಣು ಮುಚ್ಬೇಡ ಕಣಪ್ಪ. ಮಾತಾಡ್ತಿರು" ಎಂದರು.

"ಏನ್ ಮಾತಾಡ್ಲಿ?"

"ಬೈಯಿ ನನ್ನ. ಯಾರೂ ಬೈದಿಲ್ಲ ಇಷ್ಟು ದಿನ."

ನನಗೆ ಬೈಗುಳ ಬರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಒಂದು ಭಜನೆಯ ಪದ ಹೇಳತೊಡಗಿದೆ. ನಡುವೆ ಮರೆತಾಗ ಅವರು ಎತ್ತಿಕೊಡುತ್ತಿದ್ದರು. ಹಾಗೆ ಹೇಳುತ್ತಲೇ ಮೇಲಿನ ಅಡ್ಡ ಕಬ್ಬಿಣಕ್ಕೆ ರಾಟೆ ಕಟ್ಟಿ ಹಗ್ಗ ಹಾಯಿಸಿ, ಒಂದು ತುದಿಯನ್ನು ನನಗೆ ಬಿಗಿದು ಇನ್ನೊಂದನ್ನು ಕೆಳಗೆ ಬಿಟ್ಟರು. ಕೆಳಗೆ ಆ ಹಗ್ಗವನ್ನು ಕಂಬದ ಕಾಲಿಗೆ ಒಂದು ಸುತ್ತು ಸುತ್ತಿ ಹಿಡಿದವರಲ್ಲಿ ಎಲ್ಲರಿಗಿಂತ ಮುಂದೆ ಅತ್ತಿಗೆ ಇದ್ದಳು. ಗಂಡಸರು ಹಿಂದೆ ಬಾ ಎಂದರೂ ಅವಳು ಸರಿಯಲಿಲ್ಲವಂತೆ. ಹಗ್ಗ ಯಾರ ಕೈಯಲ್ಲಿರಬೇಕೋ ಅವರ ಕೈಯಲ್ಲೇ ಇತ್ತು. ನಾನು ಇಳಿದೆ. ಅಂಗುಲ ಅಂಗುಲವಾಗಿ, ಬಾವಿಯಿಂದ ಕೊಡ ಸೇದುವುದನ್ನು ತಿರುವುಮುರುವು ಮಾಡಿದ ಹಾಗೆ.

ಕಾಲು ನೆಲ ಮುಟ್ಟಿತು. ನನ್ನನ್ನು ಥಟ್ಟನೆ ಮಲಗಿಸಹೋದವರನ್ನು, ಕಾಲಲ್ಲಿ ನಿಂತ ರಕ್ತ ಒಮ್ಮೆಲೇ ಎದೆಗೆ ನುಗ್ಗಬಾರದೆಂದು ಅತ್ತಿಗೆ ತಡೆದು, ಮಂಡಿ ಮಡಿಸಿ ತನ್ನ ತೊಡೆಗೆ ಒರಗಿಸಿ ಕೂರಿಸಿಕೊಂಡಳು. ಕೆಂಚಮ್ಮ ನೀರು ಕುಡಿಸಿದಳು. "ಇದು ಸಾಲ ಅಲ್ಲಪ್ಪೋ, ಸುಮ್ನೆ ಕೊಟ್ಟಿದ್ದು" ಎಂದು ಊರಿಗೆ ಕೇಳುವಂತೆ ಹೇಳಿದಳು. ಯಾರೋ ನಕ್ಕರು. ಕೀಲು ಕೂರಿಸುವ ಅಜ್ಜನನ್ನು ಕರೆತರಲು ಸೈಕಲ್ಲು ಹೋಯಿತು. ನಾನು ಕೊರಳ ಬೀಗದ ಕೈ ತೆಗೆದು ಅತ್ತಿಗೆಯ ಕೈಗೆ ಕೊಡಹೋದೆ. ಅವಳು ತೆಗೆದುಕೊಳ್ಳಲಿಲ್ಲ. "ಅವ್ರಿನ್ನೂ ಮ್ಯಾಲವ್ರೆ" ಎಂದಳು.

ಮೂಡ್ಲಯ್ಯ ಇಳಿದು ಬಂದರು. ಸರಳಿನಿಂದ ಸರಳಿಗೆ ಅವರ ಹೆಜ್ಜೆ ಭಾರವಾಗುತ್ತ ಬಂದದ್ದನ್ನು ಎಲ್ಲರೂ ನೋಡಿದರು. ವಾಯಿದೆ ಮುಗಿದಿತ್ತು. ನೆಲಕ್ಕೆ ಬಂದವರು ಯಾರೊಂದಿಗೂ ಮಾತಾಡದೆ ಉಗ್ರಾಣಕ್ಕೆ ಹೋದರು. ಒಳಗೆ ಏಣಿ ಎಳೆದ ಸದ್ದು, ಅಟ್ಟದಲ್ಲಿ ಏನನ್ನೋ ಸರಿಸಿದ ಸದ್ದು ಕೇಳಿಸಿತು. ಗೋಣಿತಾಟಿನ ಒಂದು ಸುರುಳಿ ಹಿಡಿದು ಬಂದು ಚಾಪೆಯ ಮುಂದೆ ಮಂಡಿಯೂರಿ ಕೂತು ಅದನ್ನು ಬಿಚ್ಚಿದರು. ಒಳಗೆ ಬೆಲ್ಟು ಇತ್ತು. ಬಕಲ್ಲಿನ ಹತ್ತಿರ ಅಣ್ಣ ಮೊಳೆಯಲ್ಲಿ ಕೊರೆದುಕೊಂಡಿದ್ದ ಚೇಳಿನ ಗುರುತನ್ನು ನಾನು ಗುರುತಿಸಿದೆ.

ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಅತ್ತಿಗೆಯ ಮಡಿಲ ಹತ್ತಿರ ಹಿಡಿದರು. "ಬ್ಯಾಟ್ರಿ ಪಕ್ಕ ಬಿದ್ದಿತ್ತು. ಆಸಿಡ್ಡು ತಿಂದಿತ್ತು. ನೋಡ್ದೇ ಕೊಟ್ಟೋನು ನಾನು," ಎಂದರು. ದನಿ ಹತ್ತಿರದವರಿಗೆ ಮಾತ್ರ ಕೇಳುವಷ್ಟಿತ್ತು, ಹಿಂದಿನವರು ಮುಂದಿನವರನ್ನು ಕೇಳಿ ತಿಳಿದುಕೊಂಡರು. "ಗಾದ್ರ ಯಾರ್ದೂ ಏನೂ ಉಳಿಸ್ಕೊಂಡಿರಲಿಲ್ಲವ್ವ. ಹಗುರವಾಗೇ ಹತ್ತಿದ್ದ."

ಅತ್ತಿಗೆ ಬೆಲ್ಟು ಇಸಕೊಂಡಳು. ಹತ್ತುವ ದಿನಗಳಲ್ಲಿ ಮಾಡುವ ಹಾಗೆಯೇ ಅದರ ಹೊಲಿಗೆಗಳನ್ನು ಒಂದು ತುದಿಯಿಂದ ಬೆರಳಲ್ಲಿ ಹಾಯಿಸುತ್ತ ಬಂದಳು. ಬೆರಳು ನಿಧಾನವಾಗಿ ಸರಿಯಿತು. ಒಂದು ಕಡೆ ದಾರ ಹಳದಿಯಾಗಿ ಪುಡಿಯಾಗಿತ್ತು. ಅಲ್ಲಿ ಬೆರಳು ನಿಂತಿತು.

"ತಗೊಂಡೆ" ಎಂದಳು ಅತ್ತಿಗೆ.